ಅಳತೆಗೆ ನಿಂತವಳು

ಮೊದಲ ದಿನವೇ ಮೇಘಶ್ರೀ ಎಡವಟ್ಟು ಮಾಡಿಕೊಂಡಳು. ಹಳೇ ಮನೆಗೆ, ಅದರಲ್ಲೂ ಹಿರಿಯರಿರುವ ಮನೆಗೆ, ಬರಿಗೈಯಲ್ಲಿ ಹೋಗಬಾರದೆಂದು ಅರಕಲಗೂಡಿನ ಅಪ್ಪನ ಹೊಲದ ಹಸಿಶುಂಠಿಯನ್ನು ಚೀಲದ ತುಂಬ ಹೊತ್ತುಕೊಂಡು ಚನ್ನರಾಯಪಟ್ಟಣದ ಆ ತೊಟ್ಟಿ ಮನೆಗೆ ಬಂದಳು. ಬಂದವಳು ಜಗಲಿಯಲ್ಲಿ ಕೂರಬಾರದೇ? ನೇರವಾಗಿ ಅಡುಗೆಮನೆಗೇ ನುಗ್ಗಿದಳು.

"ಅಲ್ಲೇ ನಿಲ್ಲಮ್ಮ!" ಎಂದು ಮನೆಯೊಡತಿ ಅನಂತಮತಿಯವರು ಸೌಟು ಹಿಡಿದ ಕೈಯನ್ನೇ ಅಡ್ಡ ಹಿಡಿದರು.

ಹೊಸಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು. ಮೇಘಶ್ರೀ ಹಾಗೇ ನಿಂತಳು. "ಶುಂಠಿ ಅಮ್ಮಾ. ನಮ್ಮ ಹೊಲದ್ದೇ. ಮಣ್ಣೂ ಆರಿಲ್ಲ ನೋಡಿ."

"ಅದಕ್ಕೇ ಕಣಮ್ಮ ನಿಲ್ಲು ಅಂದಿದ್ದು."

ಹಿಂದಿನಿಂದ ಯಾರದೋ ಕೈ ಬಂದು ಚೀಲವನ್ನು ಮೆಲ್ಲಗೆ ಇಸಿದುಕೊಂಡಿತು. ತಿರುಗಿದರೆ ಅವರ ಮಗ ಜಿನೇಂದ್ರ. ಹಳೇ ಅಡುಗೆಮನೆಯನ್ನು ಹೊಸದು ಮಾಡಿಕೊಡಿ ಎಂದು ಹಾಸನದ ಅವಳ ಆಫೀಸಿಗೆ ಫೋನ್ ಮಾಡಿದ್ದವನು ಅವನೇ. ಕೊಬ್ಬರಿ ಮಂಡಿಯಿಂದ ಆಗಷ್ಟೇ ಬಂದಿದ್ದ. ಅಂಗಿಯ ತೋಳಿಗೆ ಇನ್ನೂ ನಾರು ಅಂಟಿತ್ತು. ನಗು ತಡೆಯಲು ಕೆಳದುಟಿ ಕಚ್ಚಿಕೊಂಡಿದ್ದರೂ ಕಣ್ಣು ಮಾತ್ರ ಆಗಲೇ ನಕ್ಕಾಗಿತ್ತು.

"ನಾವು ಜೈನರು ಮೇಡಂ. ನೆಲದೊಳಗೆ ಬೆಳೆಯೋದು ನಮ್ಮ ಅಡುಗೆಮನೆಗೆ ಬರಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ... ಹಸಿಶುಂಠಿನೂ."

"ಮತ್ತೆ ನಾನು? ನಾನು ಬರಬಹುದಾ?"

"ನೀವು ಟೇಪು ತಂದಿದೀರಲ್ಲ, ಬನ್ನಿ" ಎಂದು ಅವನು ಚೀಲ ಹಿಡಿದು ಮಹಡಿ ಮೆಟ್ಟಿಲು ಹತ್ತಿದ.

ಮೇಘಶ್ರೀಯ ಕಿವಿ ಬಿಸಿಯಾಯಿತು. ಅವಳು ಒಂದು ಕಡೆ ಕೂರುವ ಪೈಕಿಯೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದಾಳೆ ಅಂತ ಅವಳಮ್ಮನ ದೂರು. ಆ ದಿನವಂತೂ ಕೈಕಾಲಿಗೆ ಕೆಲಸ ಸಿಕ್ಕರೆ ಸಾಕೆಂದು ಇಡೀ ಅಡುಗೆಮನೆಯನ್ನು ಎರಡೆರಡು ಸಲ ಅಳೆದಳು.

ಅಜ್ಜಂದಿರ ಕಾಲದ ಕೋಣೆ. ಹಲಸಿನ ತೊಲೆ, ಹೊಗೆ ಕುಡಿದು ಕಪ್ಪಾದ ನಾಡಹೆಂಚು, ಕಾಲು ಸವೆಸಿ ನುಣುಪಾದ ಕಲ್ಲುಚಪ್ಪಡಿ, ಪಡುವಣ ಗೋಡೆಯಲ್ಲಿ ಒಂದೇ ಒಂದು ಕಿಟಕಿ. ಒಲೆ ನೆಲದ ಮೇಲೆ. ಕೂತು ಅಡುಗೆ ಮಾಡಲು ಅನಂತಮತಿಯವರ ಮಂಡಿ ಈಗ ಒಪ್ಪುತ್ತಿರಲಿಲ್ಲ.

"ಈ ಕಿಟಕಿ ಮುಚ್ಚಿ ಫ್ರಿಜ್ ಇಡೋಣ" ಎಂದಳು ಮೇಘಶ್ರೀ.

"ಆಗಲ್ಲ" ಎಂದ ಜಿನೇಂದ್ರ.

"ಬೇರೆ ಜಾಗ ಇಲ್ಲ ಸರ್."

"ಜಾಗ ಹುಡುಕಿ. ಅಮ್ಮ ಗಡಿಯಾರ ನೋಡಲ್ಲ, ಈ ಕಿಟಕಿ ನೋಡ್ತಾರೆ. ಬಿಸಿಲು ಆ ಚಪ್ಪಡಿ ಬಿಡೋದ್ರೊಳಗೆ ಎಲ್ಲರದ್ದೂ ಊಟ ಆಗ್ಬೇಕು. ಹೊತ್ತು ಮುಳುಗಿದ ಮೇಲೆ ಈ ಮನೇಲಿ ಒಲೆ ಹಚ್ಚಲ್ಲ."

ಮೇಘಶ್ರೀ ನಕ್ಷೆಯಲ್ಲಿ ಬರೆದಿದ್ದ ಅಲಂಕಾರದ ಲೈಟುಗಳನ್ನೆಲ್ಲ ಸುಮ್ಮನೆ ಹೊಡೆದು ಹಾಕಿದಳು. ಕಿಟಕಿ ಉಳಿಯಿತು, ಚಪ್ಪಡಿ ಉಳಿಯಿತು, ತೊಲೆ ಉಳಿಯಿತು. ಫ್ರಿಜ್ಜು ಪಡಸಾಲೆಯ ಮೂಲೆಗೆ ಹೋಯಿತು. ಉಳಿದದ್ದು ಒಂದೇ ಪ್ರಶ್ನೆ.

"ಅಡುಗೆ ಮಾಡೋರು ಯಾರು? ಅವರ ಮೊಣಕೈಗೆ ಸರಿಯಾಗಿ ನಾನು ಕಟ್ಟೆ ಎತ್ತರ ಇಡೋದು. ಇಲ್ಲದಿದ್ರೆ ಜೀವಮಾನವೆಲ್ಲ ಸೊಂಟ ನೋವು."

"ನಂದೇನು, ಇನ್ನೆಷ್ಟು ದಿನ? ಬರೋ ಸೊಸೆಗೆ ಮಾಡಮ್ಮ" ಎಂದರು ಅನಂತಮತಿಯವರು.

"ಬರೋರು ಎಷ್ಟೆತ್ತರ?" ಟೇಪು ಎಳೆಯುತ್ತ ಅವಳು ತಲೆ ಎತ್ತಲಿಲ್ಲ.

"ಯಾರಿಗ್ಗೊತ್ತು? ಸದ್ಯಕ್ಕೆ ನೀವೇ ನಿಂತ್ಕೊಳ್ಳಿ" ಎಂದ ಜಿನೇಂದ್ರ.

ಅವಳು ಗೋಡೆಗೆ ಮುಖ ಮಾಡಿ ಮೊಣಕೈ ಮಡಿಸಿ ನಿಂತಳು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅವನ ಬೆರಳು ಅವಳ ತೋಳಿಗೆ ತಾಗಲಿಲ್ಲ. ತಾಗಲಿಲ್ಲ ಎಂಬುದನ್ನು ಅವಳು ಹಾಸನದವರೆಗೂ ನೆನೆಸಿಕೊಂಡು ಹೋದಳು.

ಆಮೇಲೆ ಶುರುವಾಯಿತು ನೋಡಿ ಪೇಚಾಟ. ದಿನ ಬೆಳಗಾದರೆ ಚನ್ನರಾಯಪಟ್ಟಣಕ್ಕೆ ಏನಾದರೊಂದು ನೆಪ. ಕೀಲು ನೋಡಬೇಕು, ಪಾಲಿಶ್ ನೋಡಬೇಕು, ಸಿಂಕಿನ ಪೈಪು ನೋಡಬೇಕು. ಬಡಗಿ ಲಕ್ಕಯ್ಯನಿಗೆ ಬೇಸರ ಬಂದುಹೋಯಿತು.

"ಏನ್ ಮೇಡಂ, ನಾನೇನ್ ವಸಬನಾ? ಇಂಗೆ ದಿನಾ ಬಂದ್ಬುಟ್ರೆ ಮರ ಒಣಗ್ತದಾ? ಓಗಿ, ಆಸನ್‌ದಾಗೆ ಕೆಲ್ಸ ಇಲ್ವಾ?"

ಕೆಲಸ ಬೇಕಾದಷ್ಟಿತ್ತು. ಆದರೆ ಸಂಜೆ ಬಿಸಿಲು ಚಪ್ಪಡಿಗೆ ಬೀಳುವ ಹೊತ್ತಿಗೆ ಜಿನೇಂದ್ರ ಮಂಡಿಯಿಂದ ಬರುತ್ತಿದ್ದ. "ಕೂತ್ಕೊಳ್ಳಿ, ಊಟ ಮಾಡಿ" ಎನ್ನುತ್ತಿದ್ದ. "ಇರ್ಲಿ, ಬಸ್ಸಿಗೆ ಹೊತ್ತಾಯ್ತು" ಎಂದು ಅವಳು ನಿಂತೇ ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದಳು. ಲೋಟದ ಅಂಚಿನ ಮೇಲಿಂದ ಒಂದು ನೋಟ, ಅತ್ತಲಿಂದ ಇನ್ನೊಂದು. ಆಮೇಲೆ ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗುತ್ತಿದ್ದರು, ಅಲ್ಲೇನೋ ಭಾರೀ ನೋಡುವಂಥದ್ದು ಇರುವ ಹಾಗೆ.

ಒಂದು ದಿನ ಅನಂತಮತಿಯವರು ಸಡಗರದಿಂದ ಹೇಳಿದರು: "ಹಾಸನದ ಸಂಬಂಧ ಬಂದಿದೆ ಕಣಮ್ಮ. ನಮ್ಮವರೇ. ತ್ರಿಷಾ ಅಂತ, ಹಲ್ಲಿನ ಡಾಕ್ಟರು. ಮುಂದಿನ ಭಾನುವಾರ ಬರ್ತಾರೆ. ಅಷ್ಟರಲ್ಲಿ ಮುಗಿಸ್ತೀಯಲ್ಲ?"

"ಮುಗಿಸ್ತೀನಿ ಅಮ್ಮಾ" ಎಂದಳು ಮೇಘಶ್ರೀ. ಇಷ್ಟು ದಿನ ಇನ್ನೊಬ್ಬಳ ಸಂಸಾರಕ್ಕೆ ಕಟ್ಟೆ ಕಟ್ಟುತ್ತಿದ್ದೆನೇ? ಆದರೆ ಹಾಗಂತ ಯಾರಾದರೂ ಸುಳ್ಳು ಹೇಳಿದ್ದರೇ? ಇಲ್ಲ. ಆಸೆಪಟ್ಟದ್ದು ತಾನೇ.

ಕೆಲಸದಲ್ಲಿ ಮಾತ್ರ ಅವಳು ಮೋಸ ಮಾಡುವವಳಲ್ಲ. ಬಸ್ ಸ್ಟ್ಯಾಂಡಿನಿಂದಲೇ ಜಿನೇಂದ್ರನಿಗೆ ಫೋನ್ ಮಾಡಿದಳು.

"ನಾಳೆ ಕಲ್ಲು ಕೂರಿಸ್ತೀವಿ ಸರ್. ಹುಡುಗಿ ಎತ್ತರ ಕೇಳಿ ಹೇಳಿ, ಕಟ್ಟೆ ಬದಲಾಯಿಸ್ತೀನಿ."



"ಬದಲಾಯಿಸಬೇಡಿ" ಎಂದು ಹೇಳಿ ಅವನು ಫೋನಿಟ್ಟ. ಅವಳಿಗೆ ಅದೂ ಅರ್ಥವಾಗಲಿಲ್ಲ, ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಭಾನುವಾರ ತ್ರಿಷಾ ಅಪ್ಪ ಅಮ್ಮನ ಜೊತೆ ಬಂದಳು. ಎತ್ತರದ ನಿಲುವು, ತೆರೆದ ನಗು. ಕೊನೆಯ ಕಪಾಟಿನ ಬಾಗಿಲಿಗೆ ಹಿಡಿ ಕೂರಿಸುತ್ತಿದ್ದ ಮೇಘಶ್ರೀಗೆ ಅವಳನ್ನು ದ್ವೇಷಿಸಲೂ ಆಗಲಿಲ್ಲ.

"ಎಷ್ಟು ಚೆನ್ನಾಗಿದೆ! ಹೊಸದು ಅಂತಲೇ ಅನ್ಸಲ್ಲ, ಮನೆ ಜೊತೇಲೇ ಹುಟ್ಟಿದ ಹಾಗಿದೆ" ಎನ್ನುತ್ತ ತ್ರಿಷಾ ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುವವಳಂತೆ ಕೈ ಆಡಿಸಿದಳು. ಬಗ್ಗಬೇಕಾಯಿತು. ಇನ್ನೂ ಸ್ವಲ್ಪ ಬಗ್ಗಿದಳು. ನಗುತ್ತ ನೆಟ್ಟಗಾದಳು.

"ಇದು ಯಾರ ಅಳತೆ?"

ಕಟ್ಟೆಯ ಆ ತುದಿಯಲ್ಲಿ ಮೇಘಶ್ರೀ ನಿಂತಿದ್ದಳು. ಅವಳ ಮೊಣಕೈ ಕಲ್ಲಿಗೆ ಸರಿಯಾಗಿ ಕೂತಿತ್ತು. ತ್ರಿಷಾ ಅದನ್ನು ನೋಡಿದಳು. ಅನಂತಮತಿಯವರೂ ನೋಡಿದರು.

"ನಾನು ಕೇಳಿದ್ದೆ. ಬದಲಾಯಿಸಬೇಡಿ ಅಂದ್ರು" ಎಂದಳು ಮೇಘಶ್ರೀ.

ಎಲ್ಲರ ಕಣ್ಣೂ ಜಿನೇಂದ್ರನ ಮೇಲೆ.

"ಹೌದು. ನಾನೇ ಅಂದೆ" ಎಂದ ಅವನು. ಮುಖ ಕೆಂಪಾಗಿತ್ತು. "ಈ ಕಟ್ಟೆ ಮುಂದೆ ಬೇರೆ ಯಾರನ್ನೂ ನೆನೆಸ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ. ಮೊದಲೇ ಹೇಳಬೇಕಿತ್ತು, ಅಮ್ಮನಿಗೆ ಹೆದರಿದೆ. ತಪ್ಪಾಯ್ತು ತ್ರಿಷಾ ಅವರೇ."

"ಮೊದಲೇ ಹೇಳಿದ್ರೆ ನಂಗೆ ಈ ರೇಷ್ಮೆ ಸೀರೆ ಉಡೋ ಕಷ್ಟ ತಪ್ತಿತ್ತು" ಎಂದಳು ತ್ರಿಷಾ. ಅವಳ ಅಪ್ಪ ಮಾತ್ರ ನಗಲಿಲ್ಲ, ಕಾಫಿಯನ್ನೂ ಮುಟ್ಟದೆ ಹೊರಟರು.

ಕಾರು ಹೋದ ಮೇಲೆ ಮೇಘಶ್ರೀ ಸಿಟ್ಟಿನಿಂದ ಟೇಪು, ಸ್ಕ್ರೂಡ್ರೈವರು ಎಲ್ಲ ಚೀಲಕ್ಕೆ ತುರುಕತೊಡಗಿದಳು. "ನಿಮ್ಮಮ್ಮನಿಗೆ ಹೆದರಿ ನನ್ನನ್ನ ಇಷ್ಟು ದಿನ ಬೇಯಿಸಿದ್ರಲ್ಲ!"

"ಮೇಘಶ್ರೀ..."

"ಜಿನೇಂದ್ರ, ಮೇಲಿಂದ ಆ ಮೊರ ತಗೊಂಡು ಬಾ" ಎಂದರು ಅನಂತಮತಿಯವರು.

ಅವನು ಮೊರ ತಂದಿಟ್ಟ. ಒಣಗಿ ಗಟ್ಟಿಯಾದ ಶುಂಠಿ. ಮೊದಲ ದಿನ ಅವಳು ತಂದದ್ದೇ.

"ಮಂಡೀಲಿ ಕೊಬ್ಬರಿ ಒಣಗ್ಸೋಕೆ ಆಳಿಟ್ಟಿರೋನು ಇದನ್ನ ಮಾತ್ರ ತಾನೇ ಬಿಸಿಲಿಗೆ ಹಾಕಿ, ತಾನೇ ಎತ್ತಿಡ್ತಿದ್ದ. ನಂಗೆ ಆವತ್ತೇ ಹೊಳೀಬೇಕಿತ್ತು." ಅವರು ಒಂದು ತುಂಡು ಮುರಿದು, ಜಜ್ಜಿ, ಹೊಸ ಒಲೆಯ ಮೇಲೆ ನೀರಿಗೆ ಹಾಕಿದರು. "ಒಳಗೆ ಹಸಿಶುಂಠಿ ಬರಲ್ಲ. ಒಣಶುಂಠಿ ಬರ್ತದೆ."

ಮೇಘಶ್ರೀ ಚೀಲ ಬಗಲಿಗೆ ಹಾಕಿಕೊಂಡಳು, ಹೊರಡಲಿಲ್ಲ. ಹೇಳಲೇಬೇಕಾದ ಮಾತೊಂದಿತ್ತು.

"ನಾನು ಶುಂಠಿ ಅಲ್ಲ ಅಮ್ಮಾ. ನಂಗೆ ಒಣಗೋಕೆ ಬರಲ್ಲ. ಗೌಡರ ಮನೆ ಹುಡುಗಿ, ಈರುಳ್ಳಿ ಇಲ್ದೆ ಉಪ್ಪಿಟ್ಟು ತಿಂದೋಳಲ್ಲ. ನಾಳೆ ಸೊರಗಿ, ನಿಮ್ಮನ್ನೂ ಇವರನ್ನೂ ಬೈಕೊಂಡು ಬದುಕೋಕೆ ನಂಗಿಷ್ಟ ಇಲ್ಲ."

ಅನಂತಮತಿಯವರು ಕಷಾಯ ಕುದಿಯುವುದನ್ನೇ ನೋಡುತ್ತ ನಿಂತರು. ನೋವಿನ ಮಂಡಿಯ ಭಾರವನ್ನು ಕಟ್ಟೆಗೆ ಹಾಕಿದರು.

"ಹಿತ್ತಲ ಜಗಲೀಲಿ ಜಾಗ ಇದೆ" ಎಂದರು ಕೊನೆಗೆ. "ಅಲ್ಲೊಂದು ಕಟ್ಟೆ ಮಾಡ್ಕೋ. ಒಳಗೆ ನನ್ನ ನಿಯಮ, ಹೊರಗೆ ನಿಂದು. ಕೋಳಿ ಗೀಳಿ ಮಾತ್ರ ನಿಮ್ಮಪ್ಪನ ಮನೇಲೇ ತಿಂದು ಬಾ. ಇದಕ್ಕಿಂತ ಬಗ್ಗೋಕೆ ನನ್ನ ಸೊಂಟಕ್ಕೂ ಆಗಲ್ಲ."

ಮೇಘಶ್ರೀ ಜಿನೇಂದ್ರನ ಕಡೆ ನೋಡಿದಳು. "ಹೊರಗಿನ ಕಟ್ಟೆ ಯಾರ ಅಳತೆಗೆ?"

"ನನ್ನ ಅಳತೆಗೆ. ಉಪ್ಪಿಟ್ಟು ನಾನು ಮಾಡಿಕೊಡ್ತೀನಿ. ತಿನ್ನಲ್ಲ, ಆದ್ರೆ ಮಾಡ್ತೀನಿ."

"ಈರುಳ್ಳಿ ಹೆಚ್ಚಿದ್ರೆ ಕಣ್ಣೀರು ಬರುತ್ತೆ."

"ಬರಲಿ. ನಿಮ್ಮನ್ನ ಇಷ್ಟು ದಿನ ಬೇಯಿಸಿದ್ದಕ್ಕೆ."

ಅವಳು ನಕ್ಕಳು, ಅಳುತ್ತಲೇ. ಬಗಲಿಗೆ ಹಾಕಿಕೊಂಡಿದ್ದ ಚೀಲ ತಾನಾಗಿ ಕೆಳಗಿಳಿಯಿತು.

ಬಿಸಿಲು ಚಪ್ಪಡಿಯ ಅಂಚಿಗೆ ಬಂದಿತ್ತು. ಅನಂತಮತಿಯವರು ಕಿಟಕಿಯ ಕಡೆ ನೋಡಿ ತಟ್ಟೆ ತೆಗೆದರು. "ಹೊತ್ತು ಮುಳುಗ್ತಾ ಇದೆ. ಮಾತು ಆಮೇಲೆ ಆಡ್ರಿ, ಮೊದಲು ಊಟ."

"ಕೂತ್ಕೊಳ್ಳಿ" ಎಂದ ಜಿನೇಂದ್ರ, ದಿನಾ ಹೇಳುವ ಹಾಗೆಯೇ.

ಹಾಸನದ ಬಸ್ಸು ಹೊರಡುವ ಹೊತ್ತಾಗಿತ್ತು. ಮೇಘಶ್ರೀ ಕೂತಳು.