ನಿಧಾನಿಸಿದರೆ ನಿಲ್ಲುವ ಗಾಡಿ

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಠಾಣೆಗೆ ಬಂದ ಯುವಕನ ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು. ಅವನದಲ್ಲ, ಅವನ ತಾಯಿಯದು. ನಾಲ್ಕು ರಸ್ತೆ ಕೂಡುವಲ್ಲಿ ಪಿಕಪ್ ಗಾಡಿಯೊಂದು ಗುದ್ದಿ ಆಕೆಯ ತೊಡೆಯ ಮೂಳೆ ಮುರಿದಿತ್ತು. ಅಜಾಗರೂಕ ಚಾಲನೆಯೆಂದು FIR ದಾಖಲಾಯಿತು.

ಚಾಲಕ ಗಾಜಿನ ಹಾಳೆ ಸಾಗಿಸುವವನು, ಪೇಟೆಯವರಿಗೆಲ್ಲ ಗಾಜಣ್ಣ. ಇಷ್ಟು ವರ್ಷಗಳಲ್ಲಿ ಒಂದು ಹಾಳೆಯನ್ನೂ ಒಡೆದವನಲ್ಲ. ಕೇಸು ಸಾಬೀತಾದರೆ ಲೈಸೆನ್ಸ್ ಹೋಗುತ್ತಿತ್ತು. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

"ಏನಾಯ್ತು?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಜನ ದಾಟ್ತಿದ್ರು, ನಿಧಾನ ಮಾಡ್ದೆ. ಎಂಜಿನ್ ಆಫ್ ಆಯ್ತು. ಬ್ರೇಕ್ ಕಲ್ಲಾಗೋಯ್ತು."

"ಮೊದಲೂ ಹೀಗಾಗಿತ್ತಾ?"

"ನಿನ್ನೆ ಸಂಜೆ ಗಾಡಿ ತೆಗೆದಾಗ್ಲೇ ಒಂದ್ಸಲ. ಪೆಟ್ರೋಲಲ್ಲಿ ಕಸ ಇರ್ಬೇಕು ಅಂದ್ಕೊಂಡೆ."

ಸಾರಿಗೆ ಇಲಾಖೆಯ ನಿರೀಕ್ಷಕರು ಪರೀಕ್ಷಿಸಿ, ಎಂಜಿನ್ ಸರಿಯಿದೆ, ಬ್ರೇಕ್ ಸರಿಯಿದೆ ಎಂದು ಬರೆದುಕೊಟ್ಟರು. ಇನ್ಸ್‌ಪೆಕ್ಟರ್ ಆ ವರದಿಯನ್ನು ಎರಡು ಸಲ ಓದಿದರು. ಹೇಳಿಕೆ ಸುಳ್ಳೆನ್ನಲು ಮನಸ್ಸು ಒಪ್ಪಲಿಲ್ಲ, ನಿಜವೆನ್ನಲು ಆಧಾರ ಸಿಗಲಿಲ್ಲ.

ದಿನಾ ಬೆಳಿಗ್ಗೆ ಗಾಜಣ್ಣನ ಅಕ್ಕನ ಗಂಡ ತನ್ನ ಹಳೆಯ ಪಿಕಪ್ಪಿನಲ್ಲಿ ಬಂದು ನಿಲ್ಲುತ್ತಿದ್ದ. "ಇನ್ನೊಂದ್ಸಲ ನೋಡಿ ಮೇಡಂ. ನನ್ನ ಬಾಮೈದ ಸುಳ್ಳು ಹೇಳೋನಲ್ಲ. ಗಾಡೀಲೇ ಏನೋ ಇದೆ."

"ಎಂಥ ಭಾವ ನೋಡಿ," ಎಂದರು ದಫೇದಾರರು. "ನಮ್ಮ ಭಾವ ಆಗಿದ್ರೆ ನನ್ನ ಲಾಕಪ್ಪಿಗೆ ಹಾಕ್ಸಿ, ಬೀಗ ಸರಿಯಾಗಿ ಬಿದ್ದಿದ್ಯಾ ಅಂತ ನೋಡ್ಕೊಂಡು ಹೋಗ್ತಿದ್ರು."

ಗುರುವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್, ದಫೇದಾರರು ಇಬ್ಬರೂ ಗಾಜಣ್ಣನ ಗಾಡಿಯನ್ನು ಮೈದಾನಕ್ಕೊಯ್ದರು. ಇನ್ಸ್‌ಪೆಕ್ಟರ್ ಓಡಿಸಿ ನಿಧಾನಿಸಿದಾಗ ಎಂಜಿನ್ ನಿಂತಿತು. ದಫೇದಾರರು ಓಡಿಸಿ ನಿಧಾನಿಸಿದಾಗ ನಿಲ್ಲಲಿಲ್ಲ. ಸೀಟು ಬದಲಿಸಿಕೊಂಡು ಮತ್ತೆ ನೋಡಿದರು, ಅದೇ ಕತೆ.

"ಗಾಡಿಗೂ ಮೇಡಂ ಅಂದ್ರೆ ಭಯ."

"ಸುಮ್ನಿರ‍್ರಿ. ನೀವು ಹೇಗೆ ನಿಧಾನ ಮಾಡ್ತೀರಿ?"

"ಗೇರ್ ಇಳಿಸ್ತೀನಿ, ಹ್ಯಾಂಡ್‌ಬ್ರೇಕ್ ಎಳೀತೀನಿ. ಲಾರಿ ಓಡಿಸಿದ ಕಾಲು ಮೇಡಂ, ಸುಮ್‌ಸುಮ್ನೆ ಪೆಡಲ್ ತುಳಿಯಲ್ಲ."

ಇನ್ಸ್‌ಪೆಕ್ಟರ್ ನಿಂತ ಗಾಡಿಯಲ್ಲೇ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿದರು. ಕಾಲಿನ ಬಳಿ ಎಲ್ಲೋ ಸುಸ್ಸೆಂದಿತು. ಎಂಜಿನ್ ಎರಡು ಸಲ ನಡುಗಿ ಸತ್ತಿತು. ಸಾರಿಗೆ ನಿರೀಕ್ಷಕರು ಎಂಜಿನನ್ನು ಬ್ರೇಕ್ ಒತ್ತದೆ ನೋಡಿದ್ದರು, ಬ್ರೇಕನ್ನು ಎಂಜಿನ್ ಆರಿಸಿ ನೋಡಿದ್ದರು. ಎರಡನ್ನೂ ಜೊತೆಗೆ ನೋಡಿರಲಿಲ್ಲ.

ಬಾನೆಟ್ಟಿನಡಿ, ಚಾಲಕನ ಪೆಡಲಿಗೆ ನೇರವಾಗಿ, ತಗಡಿನ ಡಬ್ಬಿಯಂಥ ಬ್ರೇಕ್ ಬೂಸ್ಟರ್ ಇರುತ್ತದೆ. ಎಂಜಿನ್ನಿನ ಹೀರುಬಲವನ್ನು ಕೊಳವೆಯಲ್ಲಿ ಪಡೆದು ಕಾಲಿಗೆ ಬಲ ಕೊಡುವುದು ಅದರ ಕೆಲಸ. ಒಳಗಿನ ರಬ್ಬರ್ ಹರಿದಿದ್ದರೆ, ಪೆಡಲ್ ಒತ್ತಿದಾಗಲೆಲ್ಲ ಹೊರಗಿನ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ವೇಗದಲ್ಲಿದ್ದಾಗ ಎಂಜಿನ್ ತಾಳಿಕೊಳ್ಳುತ್ತದೆ, ನಿಧಾನವಾದಾಗ ಉಸಿರು ಕಟ್ಟುತ್ತದೆ.

ಆದರೆ ಕಾರಣ ಸಿಕ್ಕಿದ ಮೇಲೆ ಗೊಂದಲ ಹೆಚ್ಚಾಯಿತು. ಎಂಜಿನ್ನಿನ ಹಿಂದಿನ ಧೂಳು ಹಿಡಿದ ತಗಡಿನ ಗೋಡೆಯಲ್ಲಿ ಬೂಸ್ಟರಿನ ನಟ್ಟುಗಳು ಮಾತ್ರ ಹೊಳೆಯುತ್ತಿದ್ದವು. ಗಾಡಿ 2014ರದು, ಡಬ್ಬಿಯ ಮೇಲಿನ ಅಚ್ಚು 2011. ಅದೇ ಮಾದರಿಯ ಹಳೆಯ ಗಾಡಿ ದಿನಾ ಠಾಣೆಯ ಮುಂದೆಯೇ ನಿಲ್ಲುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಭಾವ ಬಂದಾಗ ಗಾಡಿಯೊಳಗೆ ಅವನ ಹೆಂಡತಿಯೂ ಇದ್ದಳು. ಮಡಿಲಲ್ಲಿ ಆಸ್ಪತ್ರೆಯ ಚೀಲ. ಇನ್ಸ್‌ಪೆಕ್ಟರ್ ಇಬ್ಬರು ಪಂಚರ ಎದುರು ಬಾನೆಟ್ ಎತ್ತಿಸಿದರು. ಬೂಸ್ಟರಿನ ಮೇಲೆ 2014. ಪಂಚನಾಮೆಗೆ ಸಹಿಯಾಯಿತು. ಭಾವನನ್ನು ಒಳಗೆ ಕರೆದರು.

"ಯಾವತ್ತು ಬದಲಾಯಿಸಿದ್ರಿ?"

"ಭಾನುವಾರ. ಅವನು ಮಲಗಿದ್ದಾಗ."

"ಯಾಕೆ?"

"ಇವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ವಾಪಸ್ ಬರುವಾಗ ತಲೆ ಎತ್ತೋಕಾಗಲ್ಲ. ನನ್ನ ಗಾಡಿ ಸಿಗ್ನಲ್ ಸಿಗ್ನಲಿಗೂ ನಿಲ್ತಿತ್ತು. ಹೊಸದು ಬರೋಕೆ ಒಂದು ವಾರ ಅಂದ್ರು. ಅವನು ಗಾಜು ಸಾಗಿಸೋನು, ಆಮೆ ಥರ ಹೋಗ್ತಾನೆ, ಗಾಡಿ ನಿಂತ್ರೂ ಯಾರಿಗೂ ಏನಾಗಲ್ಲ. ಒಂದು ವಾರ ತಾನೇ ಅಂದ್ಕೊಂಡೆ."

"ಕೇಳಿದ್ರೆ ಅವನೇ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದ. ಅದಕ್ಕೇ ಕೇಳ್ಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು ಮೇಡಂ."

"ಮತ್ತೆ ದಿನಾ ಬಂದು ನೋಡಿ, ನೋಡಿ ಅಂತಿದ್ರಲ್ಲ?"

"ಹೇಳೋಕೆ ಬಾಯಿ ಬರ್ಲಿಲ್ಲ. ನೀವಾದ್ರೂ ಕಂಡುಹಿಡೀಲಿ ಅಂತ."

11 ಗಂಟೆ 15ಕ್ಕೆ ಬಂಧನ ದಾಖಲಾಯಿತು. ಗಾಜಣ್ಣನನ್ನು ಠಾಣೆಗೆ ಕರೆಸಿ, ಮೇಡಂ ನಡೆದದ್ದನ್ನು ತಾವೇ ಹೇಳಿದರು. ಅವನು ಕೇಳಿದ್ದು ಒಂದೇ: "ಅಕ್ಕನ ಆಸ್ಪತ್ರೆಗೆ ಹೊತ್ತಾಯ್ತಲ್ಲ ಮೇಡಂ?"

ದಫೇದಾರರು ಜೀಪು ತೆಗೆದರು. ಅಕ್ಕ ತಮ್ಮನ ತೋಳು ಹಿಡಿದು ಹತ್ತಿದಳು.

"ನಿಮ್ಮ ಭಾವ ಎಲ್ಲೋ?"

"ಕೆಲಸ ಇದೆ ಅಕ್ಕ. ನಾನಿದೀನಲ್ಲ."

ಮುಂದಿನ ವಾರ ಪ್ರಯೋಗಾಲಯದವರು ಹಳೆಯ ಬೂಸ್ಟರನ್ನು ಕತ್ತರಿಸಿ ರಬ್ಬರನ್ನು ಅಳೆದರು. ಹರಿದಿದ್ದ ಉದ್ದ ಹನ್ನೊಂದು ಮಿಲಿಮೀಟರ್.