ನಳಿಕೆಯೊಳಗಿನ ಲವಂಗ

ಹೀಟರ್ ಬಿಸಿಯಾಗುತ್ತಿದ್ದಂತೆ ಪ್ರಯೋಗಾಲಯದ ತುಂಬ ಲವಂಗದೆಣ್ಣೆಯ ವಾಸನೆ ಹರಡಿತು. ಮುಖ್ಯಸ್ಥರು ತಟ್ಟನೆ ಬಾಗಿಲ ಕಡೆ ತಿರುಗಿದರು — ಯಾರೋ ಒಳಗೆ ಬಂದಂತೆ. ಬಾಗಿಲು ಮುಚ್ಚಿಯೇ ಇತ್ತು.

“ಇದು ಅಕ್ಕನ ವಾಸನೆ,” ಎಂದಳು ತಂಗಿ. “ಅವಳಿಗೆ ಹಲ್ಲುನೋವು. ಲವಂಗದೆಣ್ಣೆ ಇಲ್ದೆ ಒಂದು ದಿನಾನೂ ಇರ್ತಿರ್ಲಿಲ್ಲ.”

ಅವಳ ಅಕ್ಕ ತೀರಿಕೊಂಡು ತಿಂಗಳುಗಳೇ ಆಗಿದ್ದವು. ನನಗೆ ಓಡಿಹೋಗಬೇಕೆನಿಸಿತು. ನನ್ನ ಸೋದರತ್ತೆ ಮಾತ್ರ ಕುರ್ಚಿಯಿಂದ ಕದಲಲಿಲ್ಲ. ಪತ್ತೇದಾರಿಕೆ ಅವರ ಕಸುಬು, ಅವರ ಚೀಲ ಹೊರುವುದು ನನ್ನದು. ದೆವ್ವವೇ ಎದುರು ಬಂದು ನಿಂತರೂ ಅತ್ತೆ ಮೊದಲು ಅದರ ವಿಳಾಸ ಕೇಳುವವರು.

ಸಂಗತಿ ಇಷ್ಟು. ಅಕ್ಕ ಇಲ್ಲಿ ಸಿಲಿಕಾದ ಪುಡಿ ತಯಾರಿಸುತ್ತಿದ್ದಳು. ಕಣ್ಣಿಗೆ ಕಾಣದ ನ್ಯಾನೋ ಕಣಗಳು, ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ರಂಧ್ರ. ಆ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಚಿಟಿಕೆ ಪುಡಿ ಒಂದು ಮನೆಯ ನೆಲವನ್ನೇ ಮುಚ್ಚುತ್ತದೆ ಎಂದು ಪ್ರಬಂಧ ಬರೆದಿದ್ದಳು. ಅವಳು ಸತ್ತ ಮೇಲೆ ಸಹೋದ್ಯೋಗಿಯೊಬ್ಬ — ಎಲ್ಲರ ಬಾಯಲ್ಲೂ ‘ಕನ್ನಡಕ’ — ಅದೇ ಪುಡಿಯನ್ನು ಅಳೆದು, ರಂಧ್ರವೂ ಇಲ್ಲ ಏನೂ ಇಲ್ಲ, ಬರೀ ಮರಳು ಎಂದ. ಸತ್ತವಳು ಸುಳ್ಳುಗಾತಿಯಾದಳು. ಪ್ರಬಂಧವನ್ನು ನಾಳೆ ಹಿಂತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಯಾರೋ ಪುಡಿ ಬದಲಾಯಿಸಿದ್ದಾರೆಂದು ತಂಗಿಯ ಅನುಮಾನ; ಅತ್ತೆಯನ್ನು ಕರೆಸಿದವಳೂ ಅವಳೇ. ಅಕ್ಕ ಸತ್ತ ಮೇಲೆ ಪುಡಿ ಇಟ್ಟಿದ್ದ ಕಪಾಟಿನ ಬೀಗದ ಕೈ ಇದ್ದದ್ದು ಮುಖ್ಯಸ್ಥರ ಬಳಿ. ಅವರ ಮುಖ ಕಪ್ಪಿಟ್ಟಿತ್ತು.

ಕನ್ನಡಕ ಅಂದು ಪುಡಿ ತುಂಬಿ ಅಳೆದ ಗಾಜಿನ ನಳಿಕೆಯೇ ಬೇಕೆಂದು ಅತ್ತೆ ಹಟ ಹಿಡಿದಿದ್ದರು. ಈಗ ನಮ್ಮೆದುರೇ ಮೊಹರು ಒಡೆದು ಕಾಯಿಸುತ್ತಿದ್ದದ್ದು ಅದನ್ನೇ.

“ಅಳೆಯೋಕೆ ಮೊದಲು ಏನ್ ಮಾಡ್ತೀರಿ?” ಅತ್ತೆ ಕನ್ನಡಕನನ್ನು ಕೇಳಿದರು.

“ಕಾಯಿಸ್ತೀವಿ. ಪುಡಿ ತೇವ, ಗಾಳಿ ಎಲ್ಲ ಹೀರ್ಕೊಂಡಿರುತ್ತೆ. ರಂಧ್ರ ಖಾಲಿಯಾಗ್ದೆ ಅಳತೆ ಸರಿ ಬರಲ್ಲ.”

“ನೀವು ಕಾಯಿಸಿದ್ರಾ?”

“ರಾತ್ರಿಯಿಡೀ.”

“ಆಮೇಲೆ?”

“ಅಳೆದು ಮೊಹರು ಹಾಕ್ದೆ. ಆಮೇಲೆ ಯಾರೂ ಮುಟ್ಟಿಲ್ಲ. ನನ್ನ ಸಹಿ ನೋಡಿ.”

ಬದುಕಿದ್ದಾಗ ಅಕ್ಕ ಪುಡಿಯ ಸೀಸೆಯನ್ನು ಎಲ್ಲಿಡುತ್ತಿದ್ದಳೆಂದು ಅತ್ತೆ ವಿಚಾರಿಸಿದರು. ಮೇಜಿನ ಖಾನೆಯಲ್ಲಿ, ಲವಂಗದೆಣ್ಣೆಯ ಪಕ್ಕದಲ್ಲಿ ಎಂದಳು ತಂಗಿ. ಮುಚ್ಚಳ ಬಿಗಿ ಮಾಡುವ ಅಭ್ಯಾಸ ಅವಳಿಗಿರಲಿಲ್ಲವಂತೆ.

“ವಾಸನೆಗೆ ಎಲ್ರೂ ಹೆದರಿದ್ರಿ,” ಎಂದರು ಅತ್ತೆ. “ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ. ಮರಳು ಇಷ್ಟು ವಾಸನೆ ಹಿಡಿದಿಟ್ಕೊಳ್ಳುತ್ತಾ? ಪುಡಿ ಬದಲಾಗಿಲ್ಲ, ಇದು ಅವಳದ್ದೇ. ನೀವು ರಾತ್ರಿಯಿಡೀ ಕಾಯಿಸಿದ್ರೆ ಲವಂಗ ಅವತ್ತೇ ಹಾರಿಹೋಗಿರ್ತಿತ್ತು. ಇವತ್ತು ಬಂತು ಅಂದ್ರೆ — ನೀವು ಕಾಯಿಸ್ಲೇ ಇಲ್ಲ. ಖಾನೇಲಿ ಲವಂಗ ಹೀರಿ ತುಂಬಿದ ರಂಧ್ರಗಳನ್ನ ಅಳೆದು, ರಂಧ್ರಾನೇ ಇಲ್ಲ ಅಂದ್ರಿ.”

ಮರೆತಿರಬಹುದು ಎಂದ ಕನ್ನಡಕ.

“ಮರೆತವರು ಮರೆತೆ ಅಂತಾರೆ. ರಾತ್ರಿಯಿಡೀ ಕಾಯಿಸ್ದೆ ಅನ್ನಲ್ಲ.”

ಆಗ ಮುಖ್ಯಸ್ಥರಿಗೆ ನೆನಪಾಯಿತು: ಇಂಥದ್ದೇ ಪುಡಿಯನ್ನು ತನ್ನ ಹೆಸರಿನಲ್ಲಿ ಮಾಡಲು ಕನ್ನಡಕ ಮೊನ್ನೆಯಷ್ಟೇ ಅನುಮತಿ ಕೇಳಿದ್ದ. ಸತ್ತವಳನ್ನು ಸುಳ್ಳುಗಾತಿ ಮಾಡಿದರೆ ಅವಳ ಪುಡಿ ಇವನದಾಗುತ್ತಿತ್ತು. ದೆವ್ವಕ್ಕೆ ಹೆದರಿದ್ದ ನನಗೆ ಅವನನ್ನು ಕಂಡು ಹೇಸಿಗೆಯಾಯಿತು.

ರಂಧ್ರಗಳು ಪೂರ್ತಿ ಖಾಲಿಯಾದ ಮೇಲೆ ಮತ್ತೆ ಅಳೆದರು. ಅಕ್ಕ ಬರೆದಿದ್ದ ಸಂಖ್ಯೆಯೇ ಬಂತು. ಕೋಣೆಯಲ್ಲಿ ಲವಂಗದ ಸುಳಿವೂ ಉಳಿದಿರಲಿಲ್ಲ. ಉತ್ಸಾಹಕ್ಕೆ ಬಿದ್ದ ಮುಖ್ಯಸ್ಥರು ಸೀಸೆಯಲ್ಲಿ ಉಳಿದದ್ದನ್ನೂ ಕಾಯಿಸಿ ನೋಡೋಣ ಎಂದರು.

ತಂಗಿ ಸೀಸೆಯನ್ನು ಎದೆಗವಚಿಕೊಂಡಳು.

“ಬೇಡ ಸಾರ್. ಇದೊಂದನ್ನ ಕಾಯಿಸ್ಬೇಡಿ.”