ಎರಡಂಗುಲ ಗಿಡ್ಡವಾದ ಹುಡ್

"ಆ ಕೊಡೆ ಮಡಚಿ ಕೆಳಗಿಳೀತೀರಾ, ಇಲ್ಲಾ ಕಾರೊಳಗೇ ಸಂಸಾರ ಹೂಡೋ ಯೋಚನೆ ಇದೆಯಾ?"

ಮೆರಿನ್ ಕಿಟ್ಟೊ ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕೂಗಿದಳು.

ಅಡಿಲೇಡ್‌ಗೆ ಹತ್ತಿರದ ಕಡಲೂರು ವಾಲರೂನಲ್ಲಿ ಅಂದು ಜೂನ್ ಕೊನೆಯ, ಚಳಿಗಾಲದ ಜಡಿಮಳೆ. ಅಂಗಡಿಯ ಮುಂದೆ ಹಳೇ ಮಾರಿಸ್ ಮೈನರ್ ಕಾರೊಂದು ನಿಂತಿತ್ತು. ಅದರ ಹುಡ್, ಅಂದರೆ ಬಟ್ಟೆಯ ಮಡಚುವ ಚಾವಣಿ, ಬಿಸಿಲಿಗೆ ಸುಟ್ಟು, ನಟ್ಟನಡುವೆ ಹರಿದು ಬಾಯ್ಬಿಟ್ಟಿತ್ತು. ಆ ಹರುಕಿನಿಂದ ಹೂವಿನ ಚಿತ್ರದ ಕೊಡೆಯೊಂದು ಹೊರಗೆ ತಲೆ ಹಾಕಿತ್ತು. ಕೊಡೆಯ ಕೆಳಗೆ ನಲವತ್ತು ದಾಟಿದ ಗಂಡಸು, ತೊಯ್ದು ತೊಪ್ಪೆಯಾಗಿ ಕೂತಿದ್ದ.

"ಇಳಿದರೂ ನೆನೀತೀನಿ, ಕೂತರೂ ನೆನೀತೀನಿ," ಅಂದ ಅವನು. "ಕೂತ್ಕೊಂಡು ನೆನೆಯೋದು ವಾಸಿ ಅನ್ನಿಸ್ತು."

ಮೆರಿನ್‌ಗೆ ನಗು ತಡೆಯಲಾಗಲಿಲ್ಲ. ಏಪ್ರಿಲ್‌ನಿಂದ ಈಚೆಗೆ ಅವಳು ನಕ್ಕಿದ್ದು ಅದೇ ಮೊದಲು!

ಅವನ ಹೆಸರು ಡೆನ್ಜಿಲ್ ಆಂಗೋವ್. ಸೀಗಡಿ ಹಿಡಿಯುವ ದೋಣಿಯಲ್ಲಿ ಹದಿನೆಂಟು ವರ್ಷ ದುಡಿದವನು. ದೋಣಿಯ ಯಜಮಾನ ದೋಣಿಯನ್ನೇ ಮಾರಿಬಿಟ್ಟಿದ್ದ. ಡೆನ್ಜಿಲ್‌ಗೆ ದೂರದ ಪಶ್ಚಿಮ ಕರಾವಳಿಯ ಬಂದರಿನಲ್ಲಿ ಕೆಲಸ ಸಿಕ್ಕಿತ್ತು. ಆಗಸ್ಟ್ ಒಂದಕ್ಕೆ ಅಲ್ಲಿರಬೇಕು.

"ಇದು ನಮ್ಮಮ್ಮನ ಕಾರು. ಅವರು ಹೋಗಿ ಎರಡು ವರ್ಷ ಆಯ್ತು. ಅಡಿಲೇಡ್‌ನಲ್ಲಿ ಒಬ್ರು ಕೊಳ್ತೀನಿ ಅಂದಿದ್ದಾರೆ, ಆದ್ರೆ ಹೊಸ ಹುಡ್ ಇರಲೇಬೇಕಂತೆ. ಆಗುತ್ತಾ?"

ಆಗಲ್ಲ ಅನ್ನಬೇಕಿತ್ತು ಮೆರಿನ್.

ಅಪ್ಪನಿಂದ ಕಲಿತ ಕಸುಬು ಅವಳದು. ಕಾರಿನ ಸೀಟು, ಹುಡ್ ಹೊಲಿಯುವುದರಲ್ಲಿ ಸುತ್ತಲ ಊರುಗಳಲ್ಲೇ ಅವಳ ಕೈಗೆ ಸಾಟಿ ಇರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಡಾಕ್ಟರು ಅವಳ ಬಾತುಕೊಂಡ ಗೆಣ್ಣುಗಳನ್ನು ಒತ್ತಿ ನೋಡಿ, ಇದು ಕೀಲುವಾತ, ವಾಸಿಯಾಗೋದಲ್ಲ, ಕೆಲಸ ಬಿಡಮ್ಮ ಅಂದಿದ್ದರು. ಬೆಳಿಗ್ಗೆ ಎದ್ದರೆ ಬೆರಳು ಮಡಚಲೂ ಆಗುತ್ತಿರಲಿಲ್ಲ. ಮೂವತ್ತೆಂಟನೇ ವಯಸ್ಸಿಗೆ! ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪಕ್ಕದ ಬೇಕರಿಯ ಐವಿ ರೋವ್‌ಗೂ ಇಲ್ಲ.

'ಇದೊಂದು... ಇದೊಂದೇ ಕೊನೇದು,' ಅಂತ ಅವಳ ಮನಸ್ಸು ಬೇಡಿಕೊಂಡಿತು.

"ಮೂರು ವಾರ ಬೇಕು," ಅಂದಳು.

ಮರುದಿನವೇ ಹಳೇ ಹುಡ್ ಬಿಚ್ಚುವ ಕೆಲಸ. ಅಂಚಿನುದ್ದಕ್ಕೂ ತುಕ್ಕು ಹಿಡಿದ ನೂರಾರು ಸಣ್ಣ ಮೊಳೆ. ಇಕ್ಕಳ ಹಿಡಿದ ಐದು ನಿಮಿಷಕ್ಕೇ ಮೆರಿನ್‌ಗೆ ಮುಂಗೈವರೆಗೆ ಬೆಂಕಿ ಹತ್ತಿದಂತಾಯಿತು.

"ಏನ್ರೀ, ಸುಮ್ನೆ ನಿಂತು ನೋಡ್ತೀರಲ್ಲ!" ಅಂತ ಡೆನ್ಜಿಲ್ ಮೇಲೆ ರೇಗಿದಳು. "ಗಿರಾಕಿ ಕೈಕಟ್ಟಿ ನಿಂತ್ರೆ ನನಗಾಗಲ್ಲ. ಇಕ್ಕಳ ತಗೊಳ್ಳಿ, ಮೊಳೆ ಕೀಳಿ."

"ದೋಣೀಲೂ ಇಷ್ಟು ಬೈಸಿಕೊಂಡಿಲ್ಲ ನಾನು."

"ದೋಣೀಲಿ ನಾನಿರಲಿಲ್ಲವಲ್ಲ!"

ಅವನು ನಗುತ್ತಾ ಇಕ್ಕಳ ಕೈಗೆತ್ತಿಕೊಂಡ.

ಅಲ್ಲಿಂದ ದಿನವೂ ಬಂದ. ಹುಡ್ ಹೊರುವ ಕಬ್ಬಿಣದ ಕಮಾನಿನ ತುಕ್ಕು ಉಜ್ಜಿದ, ಪಟ್ಟಿ ಬಿಗಿದ, ಮಂಜಾಗಿ ಹಳದಿಯಾಗಿದ್ದ ಹಿಂದಿನ ಕಿಟಕಿಯ ಪ್ಲಾಸ್ಟಿಕ್ಕನ್ನು ಬಿಡಿಸಿದ. ಮೆರಿನ್ ಅಳತೆ ಹೇಳಿದಳು, ಬೈದಳು, ಟೀ ಕೊಟ್ಟಳು. ಎರಡನೇ ವಾರಕ್ಕೆ 'ನೀವು' ಹೋಗಿ 'ನೀನು' ಬಂದಿತ್ತು. ಬೆಳಿಗ್ಗೆ ಅವನ ಬೂಟಿನ ಸದ್ದು ಕೇಳಿದರೆ ಸಾಕು, ಅವಳು ಕೈಗಳನ್ನು ಗಬಕ್ಕನೆ ಏಪ್ರನ್ ಜೇಬಿಗೆ ತುರುಕುತ್ತಿದ್ದಳು.

ಐವಿ ತನ್ನ ಬೇಕರಿಯಿಂದ ಮಾಂಸ ತುಂಬಿದ ಬಿಸಿ ಪೇಸ್ಟಿ ತಂದುಕೊಡುತ್ತಾ ಕಣ್ಣು ಮಿಟುಕಿಸಿದಳು. "ಏನೇ ಮೆರಿನ್, ಹುಡ್ ಹಾಕೋಕೆ ಇಷ್ಟು ದಿನ ಬೇಕೇನೇ? ಹೀಗಾದ್ರೆ ನಾನೂ ಒಂದು ಹರಕಲು ಕಾರು ಕೊಳ್ತೀನಮ್ಮ!"

"ಸುಮ್ನಿರೇ ಐವಿ!"

ಮೆರಿನ್ ಮುಖ ಕೆಂಪಾಯಿತು. ಡೆನ್ಜಿಲ್ ಮೊಳೆ ಎಣಿಸುವವನಂತೆ ತಲೆ ತಗ್ಗಿಸಿದ.

ಜುಲೈ ಮಧ್ಯದ ಒಂದು ಮಧ್ಯಾಹ್ನ ಇಬ್ಬರೂ ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ಕೂತು ಪೇಸ್ಟಿ ತಿನ್ನುತ್ತಿದ್ದರು. ಕಾಲ ಕೆಳಗೆ ಬೂದುಬಣ್ಣದ ಸಮುದ್ರ.

"ಬಸ್ ಟಿಕೆಟ್ ತಗೊಂಡೆ," ಅಂದ ಡೆನ್ಜಿಲ್.

ಅವಳು ಹೇಳಬಾರದೆಂದುಕೊಂಡಿದ್ದ ಮಾತು ತಾನಾಗಿಯೇ ಹೊರಬಿತ್ತು.

"ಹೋಗ್ಬೇಡ..."

ಅವನು ಅವಳ ಕಡೆ ತಿರುಗಿದ. "ಅಲ್ಲಿ ಕೆಲಸ ಇದೆ. ಇಲ್ಲೇನಿದೆ, ಮೆರಿನ್?"

ಅವನಿಗೆ ಉತ್ತರ ಬೇಕಿತ್ತು. 'ನಾನಿದ್ದೀನಿ' ಅಂತ ಅವಳ ಬಾಯಿಂದಲೇ ಕೇಳಬೇಕಿತ್ತು. ಆದರೆ ಮೆರಿನ್ ಕೈಗಳನ್ನು ಜೇಬಿಗೆ ತುರುಕಿ ತನ್ನ ಬೆರಳುಗಳನ್ನು ನೆನೆದಳು. 'ಇಲ್ಲಿ ಏನಿದೆ ಅಂತ ಹೇಳಲಿ? ಇನ್ನು ಕೆಲವೇ ವರ್ಷಕ್ಕೆ ಗುಂಡಿ ಹಾಕಿಕೊಳ್ಳಲೂ ಆಗದ ಹೆಂಗಸು...'

ಅವಳು ಎದ್ದು ಅಂಗಡಿಯ ಕಡೆ ಹೊರಟಳು. ಅವನೂ ಎದ್ದು ನಡೆದ.

ಮರುದಿನ ಬಟ್ಟೆ ಕತ್ತರಿಸುವ ದಿನ. ಮೆಲ್ಬರ್ನ್‌ನಿಂದ ತರಿಸಿದ ದಪ್ಪ ಬಟ್ಟೆ. ಡೆನ್ಜಿಲ್‌ನ ಅಮ್ಮನ ಕಾಲದ್ದೇ ಬಣ್ಣ, ಗೋದಾಮಿನಲ್ಲಿ ಉಳಿದಿದ್ದ ಕೊನೇ ತುಂಡು. ಮೆರಿನ್ ಅದನ್ನು ಬಿಸಿಲಲ್ಲಿ ಹರಡಿ ಮೆತ್ತಗಾಗಿಸಿ, ಕಮಾನಿನ ಮೇಲೆ ಎಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಎಲ್ಲ ಸರಿಯಿತ್ತು. ಮೇಜಿನ ಮೇಲೆ ಹಾಸಿ ಕತ್ತರಿ ಆಡಿಸತೊಡಗಿದಳು. ಮೂರಡಿ ನೇರವಾಗಿ ಬಂತು. ಆಮೇಲೆ ಹೆಬ್ಬೆರಳು ಸೆಟೆದುಕೊಂಡಿತು.

ಕತ್ತರಿ ಗೆರೆ ದಾಟಿ ಒಳಕ್ಕೆ ಜಿಗಿಯಿತು.

"ಅಯ್ಯೋ ದೇವರೇ..."

ಎಡಗೈಯಿಂದ ಹಿಡಿದಳು, ಸರಿಮಾಡಲು ನೋಡಿದಳು, ಇನ್ನಷ್ಟು ಕೆಟ್ಟಿತು. ಡೆನ್ಜಿಲ್ ಬಂದು ಬಟ್ಟೆಯನ್ನು ಕಮಾನಿನ ಮೇಲೆ ಎಳೆದು ನೋಡಿದ. ಮುಂದಿನ ಗಾಜಿನ ಚೌಕಟ್ಟಿಗೆ ಎರಡಂಗುಲ ಸಾಲದು! ಹುಡ್ ಒಂದು ಸಲ ಗಿಡ್ಡವಾದರೆ ಮುಗಿಯಿತು. ಇನ್ನು ಉದ್ದ ಮಾಡಲು ಬರುವುದಿಲ್ಲ.

"ಇದೇನಿದು?"

"ತಪ್ಪಾಯ್ತು."

"ನಿನ್ನ ಕೈಲಿ? ತಪ್ಪಾ?" ಅವನ ದನಿ ಏರಿತು. "ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದೀಯ! ನಿನ್ನೆ ಹೋಗ್ಬೇಡ ಅಂದೆ. ಇವತ್ತು ಹೀಗಾಯ್ತು. ನನ್ನನ್ನ ಇಲ್ಲೇ ಕಟ್ಟಿಹಾಕೋಕೆ ಬೇಕಂತ್ಲೇ ಕೆಡಿಸಿದ್ಯಾ, ಮೆರಿನ್? ಅಮ್ಮನ ಕಾರಿದು!"

ಅವಳು ಅವನನ್ನೇ ನೋಡಿದಳು. ಈಗ ಕೈ ಚಾಚಿ ತೋರಿಸಿದರೆ ಸಾಕಿತ್ತು. ಆದರೆ ಅವನ ಕಣ್ಣಿನ ಕೋಪ ಕರಗಿ ಅಲ್ಲಿ ಕನಿಕರ ಬರುವುದನ್ನು ಊಹಿಸಿಕೊಂಡಳು... ಅವಳಿಂದ ಆಗಲಿಲ್ಲ.

"ಹೌದು," ಅಂದಳು. "ಬೇಕಂತ್ಲೇ."

ಅವನು ಕೆಟ್ಟ ಬಟ್ಟೆಯನ್ನು ಸುರುಳಿ ಸುತ್ತಿ ಹಿಂದಿನ ಸೀಟಿಗೆ ಎಸೆದು, ಹುಡ್ ಇಲ್ಲದ ಕಾರನ್ನು ಓಡಿಸಿಕೊಂಡು ಹೋಗಿಯೇಬಿಟ್ಟ.

ಆ ವಾರವೇ ಮೆರಿನ್ ಹೊಲಿಗೆ ಮೆಷಿನ್ ಮಾರಿದಳು. ಪೋರ್ಟ್ ಪಿರಿಯಿಂದ ಬಂದವರು ಅದನ್ನು ಲಾರಿಗೆ ಏರಿಸುವಾಗ ಐವಿ ಓಡಿಬಂದಳು. "ಇದೇನೇ ಮಾಡ್ತಿದೀಯ?" ಅಂತ ಅವಳ ಕೈ ಹಿಡಿದೆಳೆದಳು. ಮೆರಿನ್ ನೋವಿಗೆ ಚೀರಿದಳು. ಐವಿ ಆ ಗೆಣ್ಣುಗಳನ್ನು ನೋಡಿದಳು. ಎಲ್ಲ ಗೊತ್ತಾಯಿತು.

"ಹುಚ್ಚಿ! ಅವನಿಗಾದ್ರೂ ಹೇಳಬಾರದಿತ್ತೇನೇ?"

"ಕೆಟ್ಟವಳು ಅಂದ್ಕೊಂಡ್ರೆ ತಡ್ಕೋತೀನಿ, ಐವಿ. ಪಾಪ ಅಂದ್ರೆ ತಡ್ಕೊಳ್ಳಕ್ಕಾಗಲ್ಲ."

ಆಗಸ್ಟ್ ಒಂದು ಬಂತು, ಹೋಯಿತು. ಅವಳು ಖಾಲಿ ಅಂಗಡಿಯಲ್ಲಿ ಕೂತು, ಅವನು ಆ ದೂರದ ಬಂದರಿನಲ್ಲಿ ಈಗ ಏನು ಮಾಡುತ್ತಿರಬಹುದು ಅಂತ ಊಹಿಸಿದಳು. ಅಳು ಕೂಡ ಬರಲಿಲ್ಲ.

ನಾಲ್ಕನೇ ತಾರೀಖು ಬೆಳಿಗ್ಗೆ ಯಾರೋ ಬಾಗಿಲು ತಳ್ಳಿದರು.

ಡೆನ್ಜಿಲ್! ಗಡ್ಡ ಬೆಳೆದಿತ್ತು. ಕಂಕುಳಲ್ಲಿ ಆ ಬಟ್ಟೆಯ ಸುರುಳಿ.

"ಅಡಿಲೇಡ್‌ನಲ್ಲಿ ಒಬ್ಬ ಮುದುಕನಿಗೆ ಇದನ್ನ ತೋರಿಸಿದೆ, ಉಳಿಸೋಕಾಗುತ್ತಾ ಅಂತ. ನಿನ್ನ ಕಸುಬಿನವನೇ," ಅಂದ ಅವನು ಬಾಗಿಲಲ್ಲೇ ನಿಂತು. "ಕೆಡಿಸಬೇಕು ಅನ್ನೋರು ಮೂರಡಿ ಇಷ್ಟು ಚೆಂದ ಕತ್ತರಿಸಲ್ಲ ಅಂದ. ಕತ್ತರಿ ಜಾರಿದ ಮೇಲೆ ಸರಿಮಾಡೋಕೆ ಒದ್ದಾಡಿದ್ದಾರೆ ನೋಡು, ಪಾಪ, ಈ ಕೈಗೆ ಏನೋ ಆಗಿದೆ ಅಂದ. ಆಗ ನೆನಪಾಯ್ತು... ಆ ಇಕ್ಕಳ. ಸದಾ ಜೇಬಲ್ಲಿರ್ತಿದ್ದ ನಿನ್ನ ಕೈ. ದಿನಾ ಎದುರಿಗೇ ಇದ್ದೆ ಮೆರಿನ್, ನೋಡ್ಲೇ ಇಲ್ವಲ್ಲ ನಾನು!"

ಮೆರಿನ್ ಬೀದಿಯತ್ತ ಇಣುಕಿದಳು. "ಕಾರು?"

"ಕೊಟ್ಟುಬಿಟ್ಟೆ. ಹುಡ್ ಇಲ್ಲದೇ ತಗೊಂಡ್ರು. ಬಸ್ಸಲ್ಲಿ ಬಂದೆ."

"ಕೆಲಸ?"

"ಒಂದನೇ ತಾರೀಖು ಹೋಗ್ಲಿಲ್ಲ. ಬೇರೆಯವರನ್ನ ತಗೊಂಡಿದ್ದಾರೆ."

"ಅಯ್ಯೋ ಪೆದ್ದ! ಇಲ್ಲಿ ಏನೂ ಉಳಿದಿಲ್ಲ ಕಣೋ. ಮೆಷಿನ್ ಹೋಯ್ತು. ಅಂಗಡಿ ಮುಚ್ಚಿದೆ. ಇದು ವಾಸಿಯಾಗಲ್ಲ, ಗೊತ್ತಾ? ಇನ್ನೂ ಜಾಸ್ತಿಯಾಗುತ್ತೆ. ಐದು ವರ್ಷಕ್ಕೆ ಲೋಟ ಎತ್ತೋಕೂ ಆಗ್ದೇ ಇರಬಹುದಂತೆ. ವಾಪಸ್ ಹೋಗು!"

"ಸರಿಮಾಡ್ತೀನಿ ಅಂತ ನಾನು ಬಂದಿಲ್ಲ. ನನ್ನ ಕೈಲಿ ಏನಾಗುತ್ತೆ? ಮೀನು ಹಿಡಿಯೋನು ನಾನು, ಈಗ ಅದೂ ಇಲ್ಲ."

"ಮತ್ಯಾಕೆ ಬಂದೆ? ಪಾಪ ಅಂತಾನಾ?"

"ನಿನ್ನ ಕಂಡ್ರೆ ಪಾಪ ಅನ್ನಿಸಲ್ಲ, ಭಯ ಆಗುತ್ತೆ." ಅವನು ನಗಲು ನೋಡಿದ, ಕಣ್ಣು ತುಂಬಿಬಂತು. "ನೀನಿಲ್ಲದೆ ಇರೋಕಾಗಲ್ಲ ಮೆರಿನ್. ಅಷ್ಟೇ. ಬೇರೆ ಕಾರಣ ಇಲ್ಲ."

ಅವಳು ಮುಖ ತಿರುಗಿಸಿಕೊಂಡಳು. ಇಷ್ಟು ದಿನ ಬಾರದಿದ್ದ ಅಳು ಈಗ ಕಟ್ಟೆಯೊಡೆದು ಬಂತು. ಏನೂ ಸರಿಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾಳೆ ಬೆಳಿಗ್ಗೆಯೂ ಆ ಬೆರಳುಗಳು ಮಡಚುವುದಿಲ್ಲ.

"ನಂಗೂ ಅಷ್ಟೇ," ಅಂದಳು ಕೊನೆಗೆ. "ಆ ಜೆಟ್ಟಿಯಲ್ಲೇ ಹೇಳಬೇಕಿತ್ತು..."

ಅವನು ಹತ್ತಿರ ಬಂದು ನಿಂತ. "ಕೈ ಕೊಡ್ತೀಯಾ?"

ಅವಳು ಏಪ್ರನ್ ಜೇಬಿನಿಂದ ಮೆಲ್ಲಗೆ ಕೈ ತೆಗೆದು ಅವನ ಅಂಗೈ ಮೇಲಿಟ್ಟಳು. ಅವನು ಬೆರಳು ಮುಚ್ಚಿದ.

"ಇಷ್ಟು ಹಿಡಿದ್ರೆ ನೋವಾಗುತ್ತಾ?"

"ಹ್ಞೂಂ. ಇನ್ನೂ ಸ್ವಲ್ಪ ಮೆಲ್ಲಗೆ."

"ಇಷ್ಟು?"

"ಇಷ್ಟು... ಹಾಗೇ ಇರು."